ಎಡಿಎಚ್‌ಡಿ ಮಾತ್ರೆಗಳಲ್ಲಿ ಯಾವುದು ಯಾರಿಗೆ: ಅವಧಿ ಮತ್ತು ಅಡ್ಡಪರಿಣಾಮ ನೋಡಿ ಆರಿಸುವ ಬಗೆ

ಎಡಿಎಚ್‌ಡಿಗೆ, ಅಂದರೆ ಗಮನ ನಿಲ್ಲದ, ಚಡಪಡಿಕೆ ಹೆಚ್ಚಿರುವ ತೊಂದರೆಗೆ, ಉತ್ತೇಜಕ ಮಾತ್ರೆ ಶುರು ಮಾಡೋಣ ಎಂದು ಡಾಕ್ಟರು ಹೇಳಿದ ಕೂಡಲೇ ಮನೆಯವರು ಕೇಳುವುದು ‘ಇದರಲ್ಲಿ ಯಾವುದು ಒಳ್ಳೆಯದು?’ ಎಂದು. ಎಲ್ಲರಿಗೂ ಹೊಂದುವ ಒಂದೇ ಉತ್ತರ ಇದಕ್ಕಿಲ್ಲ. ಆದರೆ ಎರಡು ವಿಷಯ ಸ್ಪಷ್ಟವಾದರೆ ಆಯ್ಕೆ ಬಹುಪಾಲು ಸಲೀಸಾಗುತ್ತದೆ. ಒಂದು, ದಿನದಲ್ಲಿ ಎಷ್ಟರಿಂದ ಎಷ್ಟು ಗಂಟೆಯವರೆಗೆ ಮದ್ದಿನ ಬೆಂಬಲ ಬೇಕು. ಎರಡು, ಹಸಿವು, ನಿದ್ದೆ, ಬಿ.ಪಿ., ಮನಸ್ಸು ಈ ನಾಲ್ಕರಲ್ಲಿ ಯಾವುದು ಈಗಾಗಲೇ ಸೂಕ್ಷ್ಮವಾಗಿದೆ. ಕಾಟ ಕೊಡುವ ಅಡ್ಡಪರಿಣಾಮಗಳಲ್ಲಿ ಹೆಚ್ಚಿನವಕ್ಕೆ ಕಾರಣ ಡೋಸಿನ ಪ್ರಮಾಣ ಮತ್ತು ಮದ್ದು ಮೈಯಲ್ಲಿ ಏರಿ ಇಳಿಯುವ ಹೊತ್ತು. ಅದಕ್ಕೇ ಮಾತ್ರೆ ಬದಲಿಸುವ ಮೊದಲು ಗಡಿಯಾರ ನೋಡಿ ಎನ್ನುತ್ತೇವೆ.

ಎರಡು ಗುಂಪು

ಉತ್ತೇಜಕಗಳಲ್ಲಿ ಇರುವುದು ಎರಡು ಗುಂಪು: ಮಿಥೈಲ್‌ಫೆನಿಡೇಟ್ ಮತ್ತು ಆಂಫೆಟಮೈನ್. ರಿಟಲಿನ್, ಕಾನ್ಸರ್ಟಾ ಮೊದಲನೆಯ ಗುಂಪಿನವು. ಆಡರಾಲ್, ವೈವಾನ್ಸ್ ಎರಡನೆಯ ಗುಂಪಿನವು. ನರಕೋಶಗಳ ನಡುವೆ ಬಿಡುಗಡೆಯಾದ ಡೋಪಮಿನ್ ಮತ್ತು ನಾರ್‌ಎಪಿನೆಫ್ರಿನ್ ಎಂಬ ಸಂದೇಶವಾಹಕ ರಾಸಾಯನಿಕಗಳು ಮತ್ತೆ ಕೋಶದೊಳಕ್ಕೆ ಹೀರಿಹೋಗದಂತೆ ಮಿಥೈಲ್‌ಫೆನಿಡೇಟ್ ತಡೆಯುತ್ತದೆ. ಆಂಫೆಟಮೈನ್ ಇಷ್ಟಕ್ಕೇ ನಿಲ್ಲದೆ, ಕೋಶದೊಳಗೆ ಕೂಡಿಟ್ಟದ್ದನ್ನೂ ಹೊರಕ್ಕೆ ತಳ್ಳುತ್ತದೆ. ಮಿಲಿಗ್ರಾಂ ಲೆಕ್ಕದಲ್ಲಿ ಆಂಫೆಟಮೈನ್ ಹೆಚ್ಚುಕಡಿಮೆ ಎರಡರಷ್ಟು ಪ್ರಬಲ. ಆದ್ದರಿಂದ ‘ಅದು 20 ಇತ್ತು, ಇದೂ 20 ಇರಲಿ’ ಎಂದು ಒಂದರ ಜಾಗಕ್ಕೆ ಇನ್ನೊಂದನ್ನು ಹಾಕುವಂತಿಲ್ಲ. ಗುಂಪು ಬದಲಾದಾಗಲೆಲ್ಲ ಕಡಿಮೆ ಡೋಸಿನಿಂದ ಹೊಸದಾಗಿ ಏರಿಸಿಕೊಂಡು ಬರಬೇಕು.

2018ರಲ್ಲಿ ಲ್ಯಾನ್ಸೆಟ್ ಸೈಕಿಯಾಟ್ರಿಯಲ್ಲಿ ಪ್ರಕಟವಾದ ದೊಡ್ಡ ವಿಶ್ಲೇಷಣೆಯೊಂದು ಮದ್ದಿನ ಪರಿಣಾಮ ಮತ್ತು ಅದು ಮೈಗೆ ಎಷ್ಟು ಒಗ್ಗುತ್ತದೆ ಎಂಬ ಎರಡನ್ನೂ ತೂಗಿ ನೋಡಿ, ಅಲ್ಪಾವಧಿಯ ಚಿಕಿತ್ಸೆಗೆ ಮಕ್ಕಳಲ್ಲಿ ಮೊದಲು ಮಿಥೈಲ್‌ಫೆನಿಡೇಟ್, ವಯಸ್ಕರಲ್ಲಿ ಮೊದಲು ಆಂಫೆಟಮೈನ್ ಎಂಬ ಕಡೆಗೆ ವಾಲಿತು. ಆರಂಭಕ್ಕೆ ಇದು ಒಳ್ಳೆಯ ನಿಯಮ. ಒಂದು ಗುಂಪಿನ ಮದ್ದು ಸುಮಾರು ಹತ್ತರಲ್ಲಿ ಏಳು ಮಂದಿಗೆ ಹಿಡಿಸುತ್ತದೆ. ಹಿಡಿಸದ ಉಳಿದವರಲ್ಲಿ ಬಹಳಷ್ಟು ಮಂದಿಗೆ ಇನ್ನೊಂದು ಗುಂಪು ಹೊಂದುತ್ತದೆ. ಯಾರಿಗೆ ಯಾವುದು ಎಂದು ಮೊದಲೇ ಹೇಳಬಲ್ಲ ರಕ್ತಪರೀಕ್ಷೆ ಇಲ್ಲ. ಮೊದಲನೆಯದು ಕೈಕೊಟ್ಟಿತೆಂದು ‘ನಮಗೆ ಈ ಮದ್ದುಗಳೇ ಆಗಿಬರುವುದಿಲ್ಲ’ ಎಂದು ತೀರ್ಮಾನಿಸಿಬಿಡುವುದು ಆತುರವಾದೀತು.

ಎಷ್ಟು ಹೊತ್ತಿನ ಮದ್ದು

ಸಾದಾ ಮಿಥೈಲ್‌ಫೆನಿಡೇಟ್ ಮಾತ್ರೆ ಅರ್ಧ ಗಂಟೆಯ ಆಸುಪಾಸಿನಲ್ಲಿ ಕೆಲಸ ಶುರು ಮಾಡಿ ಮೂರರಿಂದ ನಾಲ್ಕು ಗಂಟೆಯಲ್ಲಿ ಮುಗಿಸುತ್ತದೆ. ಮಕ್ಕಳಿಗೆ ಸಾಮಾನ್ಯವಾಗಿ 5 ಮಿ.ಗ್ರಾಂನಂತೆ ದಿನಕ್ಕೆ ಎರಡು ಸಲ ಶುರು ಮಾಡಿ, ವಾರಕ್ಕೊಮ್ಮೆ 5ರಿಂದ 10 ಮಿ.ಗ್ರಾಂ ಏರಿಸುತ್ತಾರೆ, ದಿನದ ರೂಢಿಯ ಗರಿಷ್ಠ ಮಿತಿ 60 ಮಿ.ಗ್ರಾಂ. ಸಾದಾ ಮಾತ್ರೆಯ ಲಾಭ ಎಂದರೆ ಅದರ ಮೇಲಿರುವ ಹಿಡಿತ. ಹಿಡಿಸದಿದ್ದರೆ ಮಧ್ಯಾಹ್ನದ ಹೊತ್ತಿಗೆ ಮೈಯಿಂದ ಇಳಿದಿರುತ್ತದೆ, ಸಂಜೆಯ ಊಟಕ್ಕೂ ನಿದ್ದೆಗೂ ಅಡ್ಡ ಬರುವುದಿಲ್ಲ. ನಷ್ಟ ಎಂದರೆ ಎರಡನೆಯ ಡೋಸನ್ನು ನೆನಪಿಟ್ಟು ನುಂಗಬೇಕು. ಮರೆವೇ ತೊಂದರೆಯಾಗಿರುವವರಿಗೆ ಇದು ಚಿಕ್ಕ ಷರತ್ತೇನಲ್ಲ. ಶಾಲೆಗೆ ಹೋಗುವ ಮಗು ಎಲ್ಲರೆದುರು ಮಾತ್ರೆ ತೆಗೆದುಕೊಳ್ಳಲು ನಾಚಿಕೊಂಡು ಬಿಟ್ಟುಬಿಡುವುದೂ ಉಂಟು.

ದೀರ್ಘಾವಧಿಯ ಮದ್ದುಗಳೆಲ್ಲ ಒಂದೇ ಅಲ್ಲ. ಕ್ಯಾಪ್ಸೂಲಿನಲ್ಲಿ ಪುಟ್ಟ ಮಣಿಗಳಿರುವ ಬಗೆಯಲ್ಲಿ ಒಂದಷ್ಟು ಮಣಿ ಕೂಡಲೇ ಕರಗುತ್ತವೆ, ಉಳಿದವು ಸುಮಾರು ನಾಲ್ಕು ಗಂಟೆ ಬಿಟ್ಟು. ಕೆಲವು ಕಂಪನಿಗಳದ್ದು ಅರ್ಧಕ್ಕರ್ಧ, ಕೆಲವದ್ದು 30ಕ್ಕೆ 70ರ ಪಾಲು. ಇವು ಸುಮಾರು ಎಂಟು ಗಂಟೆ ನಡೆಯುತ್ತವೆ. ಅರ್ಧಕ್ಕರ್ಧದ್ದರಲ್ಲಿ ಬೆಳಗಿನ ಹಿಡಿತ ಗಟ್ಟಿ. 30:70ರದ್ದರಲ್ಲಿ ಮಧ್ಯಾಹ್ನದ ನಂತರದ್ದು. ಬೆಳಗಿನ ತರಗತಿಯಲ್ಲೇ ಕಷ್ಟಪಡುವ ಮಗುವಿಗೆ ಮೊದಲನೆಯದು ವಾಸಿ.

ಕಾನ್ಸರ್ಟಾ ಮಾದರಿಯ ಮಾತ್ರೆಯ ಒಳರಚನೆ ಗೊತ್ತಿದ್ದರೆ ಅದನ್ನು ಏಕೆ ಮುರಿಯಬಾರದು ಎಂಬುದು ತಾನಾಗಿ ಅರ್ಥವಾಗುತ್ತದೆ. ಹೊರಗಿನ ಲೇಪದಲ್ಲಿ ಒಟ್ಟು ಮದ್ದಿನ ಶೇ 22 ಇದ್ದು, ಒಂದು ಗಂಟೆಯೊಳಗೆ ಕರಗಿಹೋಗುತ್ತದೆ. ಒಳಗೆ ಮೂರು ಪದರ: ಎರಡರಲ್ಲಿ ಮದ್ದು, ಮೂರನೆಯದರಲ್ಲಿ ನೀರು ಹೀರಿ ಉಬ್ಬುವ ವಸ್ತು. ಗಟ್ಟಿ ಪೊರೆಯ ಮೂಲಕ ಕರುಳಿನ ನೀರು ನಿಧಾನವಾಗಿ ಒಳಗಿಳಿಯುತ್ತದೆ, ಕೆಳಗಿನ ಪದರ ಉಬ್ಬುತ್ತದೆ, ತುದಿಯಲ್ಲಿ ಲೇಸರಿನಿಂದ ಕೊರೆದ ಸಣ್ಣ ರಂಧ್ರದ ಮೂಲಕ ಮದ್ದು ಸ್ವಲ್ಪಸ್ವಲ್ಪವೇ ಹೊರಬರುತ್ತದೆ. ಹತ್ತರಿಂದ ಹನ್ನೆರಡು ಗಂಟೆ ಹೀಗೇ. ಖಾಲಿಯಾದ ಪೊರೆ ಮಾತ್ರೆಯ ಆಕಾರದಲ್ಲೇ ಮಲದಲ್ಲಿ ಹೊರಹೋಗುತ್ತದೆ. ಅದನ್ನು ಕಂಡು ‘ಮಾತ್ರೆ ಕರಗಲೇ ಇಲ್ಲ’ ಎಂದು ಗಾಬರಿಯಾಗಿ ಇನ್ನೊಂದು ಕೊಟ್ಟುಬಿಡಬೇಡಿ. ಇದನ್ನು ಅಗಿದರೆ, ಪುಡಿ ಮಾಡಿದರೆ ಇಡೀ ದಿನದ ಪ್ರಮಾಣ ಒಮ್ಮೆಲೇ ಮೈಗೆ ಸೇರುತ್ತದೆ. ಕರುಳು ಎಲ್ಲಾದರೂ ಕಿರಿದಾಗಿರುವವರಿಗೆ, ಇಡಿಯಾಗಿ ನುಂಗಲಾಗದವರಿಗೆ ಇದು ಬೇಡ. ಸಾದಾ ಮಾತ್ರೆ 5 ಮಿ.ಗ್ರಾಂನಂತೆ ದಿನಕ್ಕೆ ಮೂರು ಸಲ ತೆಗೆದುಕೊಳ್ಳುತ್ತಿದ್ದವರಿಗೆ ಇದರಲ್ಲಿ 18, 10ರಂತೆ ಮೂರು ಸಲ ಇದ್ದವರಿಗೆ 36 ಮಿ.ಗ್ರಾಂ ಎಂಬುದು ರೂಢಿಯ ಲೆಕ್ಕ.

ಹೆಸರು ಮತ್ತು ಮಿಲಿಗ್ರಾಂ ಒಂದೇ ಆದರೂ ಬಿಡುಗಡೆಯ ಬಗೆ ಬೇರೆಯಾಗಿರಬಹುದು. 2014ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಕಾನ್ಸರ್ಟಾದ ಎರಡು ಜೆನರಿಕ್‌ಗಳು (ಬೇರೆ ಕಂಪನಿಗಳು ಮಾಡುವ ಅದೇ ಮದ್ದು) ಮೂಲದಷ್ಟೇ ಹೊತ್ತು ಕೆಲಸ ಮಾಡುತ್ತವೆ ಎಂಬುದರಲ್ಲಿ ಅನುಮಾನ ತಾಳಿ, ಅವನ್ನು ಮೂಲಕ್ಕೆ ಸರಿಸಮ ಎಂಬ ದರ್ಜೆಯಿಂದ ಇಳಿಸಿತು. ಚೆನ್ನಾಗಿ ನಡೆಯುತ್ತಿದ್ದ ಮದ್ದು ಇದ್ದಕ್ಕಿದ್ದಂತೆ ಮಧ್ಯಾಹ್ನವೇ ಇಳಿಯತೊಡಗಿದರೆ, ಡೋಸ್ ಏರಿಸುವ ಮುಂಚೆ ಡಬ್ಬಿ ಬದಲಾಗಿದೆಯೇ ನೋಡಿ.

ಆಂಫೆಟಮೈನ್ ಕಡೆಗೆ ಬಂದರೆ, ಸಾದಾ ಮಾತ್ರೆ ನಾಲ್ಕರಿಂದ ಆರು ಗಂಟೆ, ಮಣಿಯ ಕ್ಯಾಪ್ಸೂಲ್ ಹತ್ತರಿಂದ ಹನ್ನೆರಡು ಗಂಟೆ. ಲಿಸ್‌ಡೆಕ್ಸಾಂಫೆಟಮೈನ್ (ವೈವಾನ್ಸ್) ಇವೆರಡಕ್ಕಿಂತ ಬೇರೆ. ಅದು ನುಂಗಿದ ರೂಪದಲ್ಲಿ ಕೆಲಸ ಮಾಡುವುದೇ ಇಲ್ಲ. ರಕ್ತದ ಕೆಂಪುಕಣಗಳಲ್ಲಿ ಲೈಸಿನ್ ಎಂಬ ಭಾಗ ಕಳಚಿಕೊಂಡ ಮೇಲಷ್ಟೇ ಡೆಕ್ಸ್ಟ್ರೋಆಂಫೆಟಮೈನ್ ಆಗುತ್ತದೆ. ಹಾಗಾಗಿ ಶುರುವಾಗಲು ಒಂದೂವರೆಯಿಂದ ಎರಡು ಗಂಟೆ ಬೇಕು, ನಡೆಯುವುದು ಹದಿಮೂರು ಗಂಟೆಯವರೆಗೆ, ಏರಿಳಿತ ನಯ. ಸಾಮಾನ್ಯವಾಗಿ 20 ಅಥವಾ 30 ಮಿ.ಗ್ರಾಂನಿಂದ ಶುರು, ಮಿತಿ 70. ಕ್ಯಾಪ್ಸೂಲ್ ತೆರೆದು ಪುಡಿಯನ್ನು ನೀರಿನಲ್ಲಿ ಕರಗಿಸಿ ಕೂಡಲೇ ಕುಡಿಯಬಹುದು, ಅವಧಿ ಬದಲಾಗುವುದಿಲ್ಲ. ಪುಡಿ ಮಾಡಿ ಮೂಗಿಗೆ ಏರಿಸಿದರೂ ಆ ಪರಿವರ್ತನೆಯ ವೇಗ ಹೆಚ್ಚುವುದಿಲ್ಲವಾದ್ದರಿಂದ ದುರುಪಯೋಗಕ್ಕೆ ಅಷ್ಟು ಸುಲಭವಾಗಿ ಸಿಗದು. ಮನೆಯಲ್ಲಿ ಹರೆಯದವರಿದ್ದರೆ, ವ್ಯಸನದ ಹಿನ್ನೆಲೆ ಇದ್ದರೆ ಸಾದಾ ಮಾತ್ರೆಗಿಂತ ಇದು ಅಥವಾ ಕಾನ್ಸರ್ಟಾ ಮಾದರಿಯದು ಮೇಲು ಎಂಬುದು ನಮ್ಮ ಖಚಿತ ಅಭಿಪ್ರಾಯ. ಬೆಳಿಗ್ಗೆ ಹತ್ತಕ್ಕೆ ಏಳುವವರಿಗೆ ಮಾತ್ರ ಹದಿಮೂರು ಗಂಟೆಯ ಮದ್ದು ರಾತ್ರಿಯ ನಿದ್ದೆಯನ್ನು ಕೆಡಿಸದೇ ಬಿಡದು.

ಯಾವ ತೊಂದರೆಗೆ ಏನು ಬದಲಿಸಬೇಕು

ಹಸಿವು ಸಾಯುವುದು ಎಲ್ಲಕ್ಕಿಂತ ಸಾಮಾನ್ಯ. ಮದ್ದು ಏರಿರುವ ಹೊತ್ತಿನಲ್ಲಿ, ಅಂದರೆ ಮಧ್ಯಾಹ್ನದ ಊಟಕ್ಕೆ, ತಟ್ಟೆ ಹಾಗೇ ಉಳಿಯುತ್ತದೆ. ಆ ಹೊತ್ತಿನಲ್ಲಿ ಬಲವಂತ ಮಾಡಿ ಪ್ರಯೋಜನವಿಲ್ಲ. ಬೆಳಗಿನ ತಿಂಡಿ ಹೊಟ್ಟೆ ತುಂಬ ಮುಗಿಸಿದ ಮೇಲೆ ಮಾತ್ರೆ ಕೊಡಿ. ಮಧ್ಯಾಹ್ನ ಸ್ವಲ್ಪವೇ ಆದರೂ ಸತ್ವ ಹೆಚ್ಚಿರುವುದನ್ನು ಕೊಡಿ, ಮದ್ದು ಇಳಿದ ಮೇಲೆ ರಾತ್ರಿಯ ಊಟ ಜೊತೆಗೆ ಇನ್ನೊಂದು ಸುತ್ತಿನ ತಿನಿಸು ಇರಲಿ. ತೂಕ ಸತತವಾಗಿ ಇಳಿಯುತ್ತಿದ್ದರೆ ಡೋಸ್ ತಗ್ಗಿಸುವುದು ಅಥವಾ ಕಡಿಮೆ ಅವಧಿಯದಕ್ಕೆ ಬರುವುದು ಮುಂದಿನ ಹೆಜ್ಜೆ. ಆಂಫೆಟಮೈನ್ ಗುಂಪಿನಲ್ಲಿ ಹಸಿವಿನ ತೊಂದರೆ ತುಸು ಹೆಚ್ಚು; ಮೊದಲೇ ಬಡಕಲಾಗಿರುವ ಮಗುವಿಗೆ ಮಿಥೈಲ್‌ಫೆನಿಡೇಟ್‌ನಿಂದ ಶುರು ಮಾಡುವುದಕ್ಕೆ ಇದೂ ಒಂದು ಕಾರಣ. ಆರು ವರ್ಷದ ಒಳಗಿನವರಲ್ಲಿ ದೀರ್ಘಾವಧಿಯ ಮದ್ದಿನಿಂದ ತೂಕ ಇಳಿಯುವ ಅಪಾಯ ಹೆಚ್ಚೆಂದು ಎಫ್‌ಡಿಎ 2025ರಲ್ಲಿ ಎಚ್ಚರಿಸಿದೆ. ಆ ವಯಸ್ಸಿನಲ್ಲಿ ಮೊದಲು ಮಾಡಬೇಕಾದ್ದು ಹೆತ್ತವರಿಗೆ ವರ್ತನೆ ನಿಭಾಯಿಸುವ ತರಬೇತಿ.

ಎತ್ತರದ ಬಗ್ಗೆ ಹೆತ್ತವರಿಗಿರುವ ಆತಂಕ ಆಧಾರವಿಲ್ಲದ್ದಲ್ಲ. ಎಡಿಎಚ್‌ಡಿ ಇರುವ ಮಕ್ಕಳ ಚಿಕಿತ್ಸೆಗಳನ್ನು ಹೋಲಿಸಿ ನೋಡಿದ ಅಮೆರಿಕದ ಎಂಟಿಎ ಅಧ್ಯಯನದಲ್ಲಿ ಮೂರು ವರ್ಷ ಸತತವಾಗಿ ಮದ್ದು ತೆಗೆದುಕೊಂಡ ಮಕ್ಕಳು, ತೆಗೆದುಕೊಳ್ಳದವರಿಗಿಂತ ಸರಾಸರಿ 2 ಸೆಂ.ಮೀ.ನಷ್ಟು ಕಡಿಮೆ ಬೆಳೆದಿದ್ದರು. ಚಿಕಿತ್ಸಾ ಕ್ರಮಗಳನ್ನು ಸೂಚಿಸುವ ಬ್ರಿಟನ್ನಿನ ನೈಸ್ ಸಂಸ್ಥೆಯ ಮಾರ್ಗಸೂಚಿ ಎತ್ತರವನ್ನು ಆರು ತಿಂಗಳಿಗೊಮ್ಮೆ, ಹತ್ತು ವರ್ಷದವರೆಗಿನ ಮಕ್ಕಳ ತೂಕವನ್ನು ಮೂರು ತಿಂಗಳಿಗೊಮ್ಮೆ ಅಳೆಯಲು ಹೇಳುತ್ತದೆ. ಅಳತೆಯನ್ನು ಬೆಳವಣಿಗೆಯ ನಕ್ಷೆಯ ಮೇಲೆ ಗುರುತಿಸಬೇಕು. ಬಿಡಿ ಅಂಕಿಗಳಲ್ಲಿ ಮಗು ಬೆಳೆಯುತ್ತಿದೆ ಎಂದೇ ಕಾಣುತ್ತದೆ. ತನ್ನ ಗೆರೆಯಿಂದ ಕೆಳಗಿನ ಗೆರೆಗೆ ಜಾರುತ್ತಿರುವುದು ನಕ್ಷೆಯಲ್ಲಷ್ಟೇ ಗೊತ್ತಾಗುವುದು. ಹಾಗೆ ಜಾರಿದರೆ ರಜಾದಿನಗಳಲ್ಲಿ ಮದ್ದಿಗೆ ಬಿಡುವು ಕೊಡುವುದನ್ನು ಡಾಕ್ಟರ ಜೊತೆ ಮಾತಾಡಿ.

ನಿದ್ದೆ ಕೆಟ್ಟರೆ ಕಾರಣ ಯಾವುದೆಂದು ಮೊದಲು ಬಿಡಿಸಿಕೊಳ್ಳಬೇಕು. ಮದ್ದು ಇನ್ನೂ ಮೈಯಲ್ಲಿದ್ದರೆ ದೇಹ ಎಚ್ಚರವಾಗಿರುತ್ತದೆ, ಕಿರಿಕಿರಿ ಇರುವುದಿಲ್ಲ. ಆಗ ಬೆಳಗಿನ ಡೋಸನ್ನು ಇನ್ನೂ ಬೇಗ ತೆಗೆದುಕೊಳ್ಳಬೇಕು, ಇಲ್ಲವೇ ಕಡಿಮೆ ಅವಧಿಯದಕ್ಕೆ ಬರಬೇಕು. ಸಾದಾ ಮಿಥೈಲ್‌ಫೆನಿಡೇಟ್‌ನ ಕೊನೆಯ ಡೋಸ್ ಸಂಜೆ ಆರರೊಳಗೆ ಮುಗಿದಿರಬೇಕು. ಮದ್ದು ಇಳಿದು ತಲೆಯಲ್ಲಿ ಯೋಚನೆಗಳು ಗಿರಗಿರ ತಿರುಗುತ್ತಿದ್ದರೆ ಅದು ಎಡಿಎಚ್‌ಡಿಯೇ; ಅವಧಿ ಕಡಿಮೆ ಮಾಡಿದರೆ ಇನ್ನಷ್ಟು ಕೆಡುತ್ತದೆ. ಶುರು ಮಾಡುವ ಮೊದಲೇ ಒಂದು ವಾರ ಮಲಗಿದ ಹೊತ್ತು, ನಿದ್ದೆ ಬಂದ ಹೊತ್ತು ಬರೆದಿಟ್ಟುಕೊಂಡವರಿಗೆ ಈ ಗೊಂದಲ ಇರುವುದಿಲ್ಲ.

ಇನ್ನು ಸಂಜೆಯ ಸಿಡುಕು. ಬೆಳಗಿನಿಂದ ಸಮಾಧಾನವಾಗಿದ್ದ ಮಗು ನಾಲ್ಕು ಗಂಟೆಗೆ ಮನೆಗೆ ಬಂದು, ಶೂ ಬಿಚ್ಚುವ ಮೊದಲೇ ಅಳುತ್ತದೆ, ಚೀಲ ಎಸೆಯುತ್ತದೆ, ಅರ್ಧ ಮುಕ್ಕಾಲು ಗಂಟೆ ಯಾರ ಮಾತೂ ಕೇಳುವುದಿಲ್ಲ; ಆಮೇಲೆ ತಾನಾಗಿ ತಣ್ಣಗಾಗುತ್ತದೆ. ಮದ್ದು ರಕ್ತದಲ್ಲಿ ಥಟ್ಟನೆ ಇಳಿದಾಗ ಹೀಗಾಗುತ್ತದೆ. ಹಗಲೆಲ್ಲ ಸರಿಯಾಗಿ ತಿಂದಿಲ್ಲವಾದ್ದರಿಂದ ಹಸಿವೂ ಅದಕ್ಕೆ ಕೂಡಿಕೊಳ್ಳುತ್ತದೆ. ಹಲವರು ಇದನ್ನು ಡೋಸ್ ಹೆಚ್ಚಾದ ಲಕ್ಷಣವೆಂದು ತಿಳಿದು ಬೆಳಗಿನದ್ದನ್ನೇ ತಗ್ಗಿಸಿಬಿಡುತ್ತಾರೆ. ಬೆಳಗೂ ಕೆಡುತ್ತದೆ, ಸಂಜೆಯೂ ಸುಧಾರಿಸುವುದಿಲ್ಲ. ಇಲ್ಲಿ ಹೊಂದುವುದು ಇಳಿಜಾರನ್ನು ನಯ ಮಾಡುವ ಕ್ರಮ: ಇನ್ನಷ್ಟು ದೀರ್ಘವಾದ ಮದ್ದು, ಇಲ್ಲವೇ ಇಳಿಯುವ ಅರ್ಧ ಗಂಟೆ ಮೊದಲು ಸಾದಾ ಮಾತ್ರೆಯ ಸಣ್ಣ ಡೋಸ್. ಎರಡನ್ನೂ ಡಾಕ್ಟರೇ ನಿರ್ಧರಿಸಬೇಕು. ಅಲ್ಲಿಯವರೆಗೆ ಮನೆಗೆ ಬಂದ ಕೂಡಲೇ ತಿನ್ನಲು ಏನಾದರೂ ಕೊಟ್ಟು, ಆ ಒಂದು ಗಂಟೆ ಹೋಂವರ್ಕ್ ಮಾತೆತ್ತದಿರಿ.

ಇದಕ್ಕೆ ತಿರುವುಮುರುವಾದದ್ದು ಹಗಲಿನ ಮಂಕು. ಮದ್ದು ಏರಿರುವ ಹೊತ್ತಿನಲ್ಲೇ ಮಗು ನಗುವುದಿಲ್ಲ, ಆಟಕ್ಕೆ ಕರೆದರೆ ಬರುವುದಿಲ್ಲ, ಒಂದೇ ಕಡೆ ಕೂತಿರುತ್ತದೆ. ಗಲಾಟೆ ಇಲ್ಲವಾದ್ದರಿಂದ ದೊಡ್ಡವರಿಗೆ ‘ಮದ್ದು ಚೆನ್ನಾಗಿ ಹಿಡಿದಿದೆ’ ಎನ್ನಿಸಬಹುದು. ಇದು ನಿಜಕ್ಕೂ ಡೋಸ್ ಹೆಚ್ಚಾದ ಗುರುತು, ತಗ್ಗಿಸಲೇಬೇಕು. ಸರಿಯಾದ ಡೋಸಿನಲ್ಲಿ ಮಗು ತನ್ನ ಸ್ವಭಾವ ಕಳೆದುಕೊಳ್ಳುವುದಿಲ್ಲ.

ತಲೆನೋವು, ಹೊಟ್ಟೆನೋವು, ಬಾಯಿ ಒಣಗುವುದು ಮೊದಲ ಕೆಲವು ವಾರಗಳಲ್ಲಿ ಬಂದು ಸಾಮಾನ್ಯವಾಗಿ ಕಡಿಮೆಯಾಗುತ್ತವೆ. ಆಹಾರದ ಜೊತೆ ಮಾತ್ರೆ, ಸಾಕಷ್ಟು ನೀರು, ಅಷ್ಟೇ.

ಶುರು ಮಾಡುವ ಮೊದಲು ಹೃದಯದ ವಿಚಾರ

ಉತ್ತೇಜಕಗಳು ನಾಡಿಯನ್ನು ಸರಾಸರಿ ನಿಮಿಷಕ್ಕೆ 3ರಿಂದ 6 ಬಡಿತ, ರಕ್ತದೊತ್ತಡವನ್ನು 2ರಿಂದ 4 ಅಂಕಿ ಏರಿಸುತ್ತವೆ. ಹೆಚ್ಚಿನವರಿಗೆ ಇದು ಲೆಕ್ಕಕ್ಕಿಲ್ಲ. ಆದರೆ ಸರಾಸರಿಯ ಹಿಂದೆ ಹೆಚ್ಚು ಏರುವ ಕೆಲವರು ಅಡಗಿರುತ್ತಾರೆ, ಅಳೆಯದೆ ಅವರು ಸಿಗುವುದಿಲ್ಲ. ಮೊದಲ ಭೇಟಿಯಲ್ಲೇ ಡಾಕ್ಟರಿಗೆ ಹೇಳಬೇಕಾದವು ಇವು: ಹುಟ್ಟಿನಿಂದ ಹೃದಯದ ತೊಂದರೆ, ಓಡುವಾಗ ಆಡುವಾಗ ತಲೆಸುತ್ತಿ ಬಿದ್ದದ್ದು, ಕಾರಣ ತಿಳಿಯದ ಎದೆಬಡಿತ, ಹತ್ತಿರದ ಬಂಧುಗಳಲ್ಲಿ ಚಿಕ್ಕ ವಯಸ್ಸಿನ ಹಠಾತ್ ಸಾವು. ಇವುಗಳಲ್ಲಿ ಒಂದಿದ್ದರೂ ಇಸಿಜಿ ಮತ್ತು ಹೃದ್ರೋಗ ತಜ್ಞರ ಮಾತು ಆದಮೇಲೆಯೇ ಮಾತ್ರೆ. ಥೈರಾಯ್ಡ್ ಅತಿಚಟುವಟಿಕೆ, ಗ್ಲಾಕೋಮಾ, ಬೈಪೋಲಾರ್ (ಮನಸ್ಸು ಅತಿಯಾಗಿ ಏರಿಳಿಯುವ ಕಾಯಿಲೆ) ಅಥವಾ ಸೈಕೋಸಿಸ್‌ನ (ಇಲ್ಲದ್ದು ಕೇಳಿಸುವ, ಕಾಣಿಸುವ, ವಾಸ್ತವದ ಅರಿವು ತಪ್ಪುವ ಸ್ಥಿತಿ) ಹಿನ್ನೆಲೆ, ಗರ್ಭ ಧರಿಸುವ ಯೋಚನೆ ಇವನ್ನೂ ಮುಚ್ಚಿಡಬೇಡಿ.

ನಾಡಿ ಮತ್ತು ಬಿ.ಪಿ.ಯನ್ನು ಪ್ರತಿ ಡೋಸ್ ಬದಲಾವಣೆಯ ಮುಂಚೆ ಮತ್ತು ನಂತರ, ಆಮೇಲೆ ಆರು ತಿಂಗಳಿಗೊಮ್ಮೆ ನೋಡಬೇಕು. ಮನೆಯಲ್ಲಿ ಅಳೆಯುವುದಾದರೆ ಐದು ನಿಮಿಷ ಸುಮ್ಮನೆ ಕೂತು, ಮದ್ದು ಏರಿರುವ ಹೊತ್ತಿನಲ್ಲಿ ಅಳೆಯಿರಿ; ನುಂಗುವ ಮೊದಲಿನ ಅಂಕಿ ಮಾತ್ರ ನೋಡಿದರೆ ಮದ್ದಿನ ಪ್ರಭಾವ ತಿಳಿಯುವುದಿಲ್ಲ. ಕೂತಾಗಲೂ ನಾಡಿ 120ಕ್ಕಿಂತ ಮೇಲೆಯೇ ನಿಂತರೆ ಡೋಸ್ ತಗ್ಗಿಸಿ ತಜ್ಞರಿಗೆ ತೋರಿಸಬೇಕೆಂದು ನೈಸ್ ಹೇಳುತ್ತದೆ. ವರ್ಷಗಟ್ಟಲೆ ಬಳಸಿದವರಲ್ಲಿ ಅಧಿಕ ರಕ್ತದೊತ್ತಡ ಮತ್ತು ರಕ್ತನಾಳದ ಕಾಯಿಲೆ ತುಸು ಹೆಚ್ಚೆಂದು ಸ್ವೀಡನ್ನಿನ ದಾಖಲೆಗಳನ್ನು ಆಧರಿಸಿ 2023ರ ಕೊನೆಯಲ್ಲಿ ಬಂದ ಅಧ್ಯಯನವೊಂದು ತೋರಿಸಿದೆ. ವಯಸ್ಕರು ‘ಹತ್ತು ವರ್ಷದಿಂದ ಏನೂ ಆಗಿಲ್ಲ’ ಎಂದು ಬಿ.ಪಿ. ನೋಡಿಸುವುದನ್ನು ಬಿಡಬಾರದು.

ಮನಸ್ಸಿನ ವಿಚಾರದಲ್ಲಿ ಎರಡು ಗುಂಪುಗಳ ನಡುವೆ ಒಂದು ವ್ಯತ್ಯಾಸವಿದೆ. ಹದಿಹರೆಯದವರು ಮತ್ತು ಯುವಜನರ ಬಗ್ಗೆ 2019ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದ ಅಧ್ಯಯನದಲ್ಲಿ, ಹೊಸದಾಗಿ ಸೈಕೋಸಿಸ್ ಕಾಣಿಸಿದವರ ಪ್ರಮಾಣ ಮಿಥೈಲ್‌ಫೆನಿಡೇಟ್ ಬಳಸಿದವರಲ್ಲಿ ಶೇ 0.10, ಆಂಫೆಟಮೈನ್ ಬಳಸಿದವರಲ್ಲಿ ಶೇ 0.21 ಇತ್ತು. ಎರಡೂ ಅಪರೂಪವೇ. ಮನೆತನದಲ್ಲಿ ಇಂಥ ಕಾಯಿಲೆ ಇದ್ದರೆ ಮಾತ್ರ ಈ ಅಂತರಕ್ಕೆ ಬೆಲೆ ಬರುತ್ತದೆ. ಯಾರೂ ಇಲ್ಲದೆ ದನಿ ಕೇಳಿಸುವುದು, ಯಾರೋ ಹಿಂಬಾಲಿಸುತ್ತಿದ್ದಾರೆಂಬ ಗಟ್ಟಿ ನಂಬಿಕೆ ಶುರುವಾದರೆ ಮುಂದಿನ ಡೋಸ್ ಕೊಡದೆ ಅಂದೇ ಡಾಕ್ಟರನ್ನು ಕಾಣಿ. ಎದೆನೋವು, ಆಯಾಸಪಟ್ಟಾಗ ಎಚ್ಚರ ತಪ್ಪುವುದು, ನಾಲ್ಕು ಗಂಟೆ ದಾಟಿದರೂ ಇಳಿಯದ ನೋವಿನ ಶಿಶ್ನೋದ್ರೇಕ ಇವು ತುರ್ತು ಚಿಕಿತ್ಸಾ ವಿಭಾಗಕ್ಕೇ ಹೋಗಬೇಕಾದವು. ಹುಡುಗರು ಕೊನೆಯದನ್ನು ನಾಚಿಕೆಯಿಂದ ಹೇಳುವುದಿಲ್ಲ, ಮೊದಲೇ ತಿಳಿಸಿಟ್ಟಿರಿ. ಕೈಬೆರಳು ತಣ್ಣಗಾಗಿ ಬಿಳಚಿ ನೀಲಿಯಾಗುವುದನ್ನೂ ಡಾಕ್ಟರ ಗಮನಕ್ಕೆ ತನ್ನಿ.

ಜೊತೆಗೆ ಸೇರಬಾರದವು

ಖಿನ್ನತೆಗೆ ಕೊಡುವ ಎಂಎಓಐ ಬಗೆಯ ಮದ್ದು ನಿಲ್ಲಿಸಿ 14 ದಿನ ಕಳೆಯದೆ ಯಾವ ಉತ್ತೇಜಕವನ್ನೂ ಮುಟ್ಟುವಂತಿಲ್ಲ. ರಕ್ತದೊತ್ತಡ ಪ್ರಾಣಾಪಾಯದ ಮಟ್ಟಕ್ಕೆ ಏರಬಹುದು. ಮೂಗು ಕಟ್ಟಿದಾಗ ತೆಗೆದುಕೊಳ್ಳುವ ಶೀತದ ಮಾತ್ರೆಗಳಲ್ಲಿ ಸ್ಯೂಡೋಎಫೆಡ್ರಿನ್ ಇದ್ದರೆ ನಾಡಿ, ಬಿ.ಪಿ. ಎರಡೂ ಏರುತ್ತವೆ. ನೋವಿನ ಮದ್ದಾದ ಟ್ರಮಡಾಲ್ ಮತ್ತು ಮಿದುಳಿನಲ್ಲಿ ಸಿರೊಟೋನಿನ್ ಎಂಬ ರಾಸಾಯನಿಕ ಹೆಚ್ಚಿಸುವ ಖಿನ್ನತೆಯ ಮದ್ದುಗಳ ಜೊತೆ ಆಂಫೆಟಮೈನ್ ಇದ್ದರೆ ಡಾಕ್ಟರಿಗೆ ತಿಳಿದಿರಲೇಬೇಕು. ಅವುಗಳಲ್ಲಿ ಫ್ಲುಒಕ್ಸೆಟಿನ್, ಪ್ಯಾರೊಕ್ಸೆಟಿನ್ ಆಂಫೆಟಮೈನ್ ಮಟ್ಟವನ್ನೂ ಏರಿಸಬಲ್ಲವು.

ಹೊಟ್ಟೆಯುರಿಗೆ ತಿನ್ನುವ ಸೋಡಾ, ಆಂಟಾಸಿಡ್ ಆಂಫೆಟಮೈನನ್ನು ಮೈಯಲ್ಲೇ ಉಳಿಸುತ್ತವೆ. ವಿಟಮಿನ್ ಸಿ ಹೆಚ್ಚಾದರೆ ಅದು ಬೇಗ ಹೊರಹೋಗುತ್ತದೆ. ಆಮ್ಲ ತಗ್ಗಿಸುವ ಮದ್ದುಗಳು ಮಣಿಯ ಕ್ಯಾಪ್ಸೂಲಿನ ಬಿಡುಗಡೆಯ ಹೊತ್ತನ್ನೂ ಏರುಪೇರು ಮಾಡಬಲ್ಲವು. ಮದ್ಯ ಮಣಿಯ ಹೊದಿಕೆಯನ್ನು ಬೇಗ ಕರಗಿಸಿ ಮದ್ದನ್ನು ಒಮ್ಮೆಲೇ ಸುರಿಸಬಲ್ಲದು, ಜೊತೆಗೆ ಎಷ್ಟು ಅಮಲೇರಿದೆ ಎಂಬುದೂ ಕುಡಿದವರಿಗೆ ತಿಳಿಯುವುದಿಲ್ಲ. ಕಾಫಿಯನ್ನು ಪೂರ್ತಿ ಬಿಡಬೇಕಿಲ್ಲ. ಡೋಸ್ ಹೊಂದಿಸುವ ವಾರಗಳಲ್ಲಿ ಕಡಿಮೆ ಮಾಡಿ, ಇಲ್ಲದಿದ್ದರೆ ನಡುಕ ಯಾವುದರಿಂದ ಬಂತೆಂದು ಗೊತ್ತಾಗದು. ಶಸ್ತ್ರಚಿಕಿತ್ಸೆ ಇದ್ದರೆ ಅರಿವಳಿಕೆ ತಜ್ಞರಿಗೆ ಮೊದಲೇ ಹೇಳಿ.

ಉತ್ತೇಜಕ ಬೇಡವಾದಾಗ

ಎರಡೂ ಗುಂಪು ಹಿಡಿಸದವರಿಗೆ, ವ್ಯಸನದ ಅಪಾಯ ಇರುವವರಿಗೆ ಬೇರೆ ದಾರಿಗಳಿವೆ. ಅಟೊಮಾಕ್ಸೆಟಿನ್ ಇಡೀ ದಿನ ಕೆಲಸ ಮಾಡುತ್ತದೆ, ಆದರೆ ಪೂರ್ತಿ ಪರಿಣಾಮ ಕಾಣಲು ನಾಲ್ಕರಿಂದ ಆರು ವಾರ ಬೇಕು. ಮಕ್ಕಳಿಗೆ ತೂಕದ ಪ್ರತಿ ಕಿಲೋಗೆ 0.5 ಮಿ.ಗ್ರಾಂನಿಂದ ಶುರು ಮಾಡಿ 1.2ಕ್ಕೆ ಏರಿಸುತ್ತಾರೆ. ಕಣ್ಣು, ಚರ್ಮ ಹಳದಿಯಾದರೆ, ಮೂತ್ರ ಗಾಢ ಬಣ್ಣಕ್ಕೆ ತಿರುಗಿದರೆ ಯಕೃತ್ತಿನ ತೊಂದರೆ ಇರಬಹುದು, ನಿಲ್ಲಿಸಿ ಡಾಕ್ಟರಿಗೆ ತೋರಿಸಬೇಕು. ಮಕ್ಕಳಲ್ಲಿ, ಹದಿಹರೆಯದವರಲ್ಲಿ ಸಾಯುವ ಮಾತು ಬರುತ್ತಿದೆಯೇ ಎಂದು ಮೊದಲ ತಿಂಗಳುಗಳಲ್ಲಿ ಕಣ್ಣಿಟ್ಟಿರಬೇಕು. ಗ್ವಾನ್‌ಫಸಿನ್ ಮತ್ತು ಕ್ಲೋನಿಡಿನ್ ತೂಕಡಿಕೆ ತರುತ್ತವೆ, ಬಿ.ಪಿ. ಇಳಿಸುತ್ತವೆ, ಟಿಕ್ಸ್ (ತಾನಾಗಿ ಮತ್ತೆಮತ್ತೆ ಬರುವ ಕಣ್ಣು ಮಿಟುಕು, ಭುಜದ ಸೆಳೆತದಂಥವು) ಇರುವ, ನಿದ್ದೆ ಬಾರದ ಮಕ್ಕಳಿಗೆ ಇವು ಚೆನ್ನಾಗಿ ಹೊಂದಬಹುದು. ಇಲ್ಲಿ ಒಂದು ಮುಖ್ಯ ವ್ಯತ್ಯಾಸ: ಉತ್ತೇಜಕವನ್ನು ಒಂದು ದಿನ ಬಿಟ್ಟರೆ ಆ ದಿನ ಕೆಡುತ್ತದೆ ಅಷ್ಟೇ. ಗ್ವಾನ್‌ಫಸಿನ್, ಕ್ಲೋನಿಡಿನ್‌ಗಳನ್ನು ಥಟ್ಟನೆ ನಿಲ್ಲಿಸಿದರೆ ರಕ್ತದೊತ್ತಡ ಹಿಂದಿಗಿಂತ ಮೇಲಕ್ಕೆ ಜಿಗಿಯುತ್ತದೆ. ಮೂರರಿಂದ ಏಳು ದಿನಕ್ಕೊಂದು ಹಂತದಂತೆ ಇಳಿಸಿಯೇ ಬಿಡಬೇಕು. ರಜೆಯ ಬಿಡುವು ಇವುಗಳಿಗೆ ಅನ್ವಯಿಸದು.

ದಿನನಿತ್ಯದ ಬಳಕೆ

ಬೆಳಗಿನ ದೀರ್ಘಾವಧಿಯ ಡೋಸ್ ಮರೆತು ಮಧ್ಯಾಹ್ನವಾಗಿದ್ದರೆ ಆ ದಿನ ಬಿಟ್ಟುಬಿಡಿ, ಮರುದಿನ ಎರಡು ನುಂಗಬೇಡಿ. ಒಮ್ಮೆಗೆ ಒಂದನ್ನೇ ಬದಲಿಸಿ: ಡೋಸ್, ಹೊತ್ತು, ಮದ್ದು ಮೂರನ್ನೂ ಒಂದೇ ವಾರ ಬದಲಿಸಿದರೆ ಯಾವುದು ಕೆಲಸ ಮಾಡಿತೆಂದು ಹೇಳುವುದು ಆಗದ ಮಾತು. ಹೊಂದಿಸುವ ವಾರಗಳಲ್ಲಿ ಮಾತ್ರೆ ನುಂಗಿದ ಗಂಟೆ, ಗಮನ ಕೂತ ಗಂಟೆ, ಇಳಿದ ಗಂಟೆ, ತಿಂದದ್ದು, ಮಲಗಿದ್ದು ಇಷ್ಟನ್ನು ಒಂದು ಸಾಲಿನಲ್ಲಿ ಬರೆದಿಟ್ಟುಕೊಂಡು ಹೋದರೆ ಡಾಕ್ಟರಿಗೆ ಡೋಸ್ ತೀರ್ಮಾನಿಸುವುದು ಸುಲಭ. ಶಾಲೆಯಲ್ಲಿ ಹೇಗಿತ್ತು ಎಂಬುದನ್ನು ಟೀಚರಿಂದಲೇ ಕೇಳಿ ಬರೆದುಕೊಳ್ಳಿ, ಏಕೆಂದರೆ ಮದ್ದು ಕೆಲಸ ಮಾಡುವ ಹೊತ್ತಿನಲ್ಲಿ ಮಗು ಮನೆಯಲ್ಲಿ ಇರುವುದೇ ಇಲ್ಲ.

ಮಾತ್ರೆಗಳನ್ನು ಬೀಗ ಹಾಕಿದ ಕಡೆ ಇಟ್ಟು ವಾರಕ್ಕೊಮ್ಮೆ ಎಣಿಸಿ. ಪರೀಕ್ಷೆಯ ಕಾಲದಲ್ಲಿ ಗೆಳೆಯರು ಒಂದೆರಡು ಕೇಳುವುದು ಸಾಮಾನ್ಯ. ಹೃದಯದ ತೊಂದರೆ ಇದ್ದದ್ದು ಗೊತ್ತೇ ಇಲ್ಲದವನಿಗೆ ಆ ಒಂದು ಮಾತ್ರೆಯಿಂದ ಏನು ಆಗಬಹುದೆಂದು ಮಕ್ಕಳಿಗೆ ಬಿಡಿಸಿ ಹೇಳಿ. ಮಿಥೈಲ್‌ಫೆನಿಡೇಟ್ ಮತ್ತು ಆಂಫೆಟಮೈನ್ ಎರಡೂ ಮನಸ್ಸಿನ ಮೇಲೆ ಪ್ರಭಾವ ಬೀರುವ ಮದ್ದುಗಳನ್ನು ನಿಯಂತ್ರಿಸುವ 1971ರ ವಿಶ್ವಸಂಸ್ಥೆಯ ಒಪ್ಪಂದದ ಎರಡನೆಯ ಅನುಸೂಚಿಯಲ್ಲಿವೆ, ಕೆಲವು ದೇಶಗಳಲ್ಲಿ ನಿಯಮ ಇನ್ನೂ ಬಿಗಿ. ವಿದೇಶಕ್ಕೆ ಹೊರಟಾಗ ಮೂಲ ಡಬ್ಬಿ, ಚೀಟಿ, ಡಾಕ್ಟರ ಪತ್ರ ಜೊತೆಗಿರಲಿ. ಆ ದೇಶದ ರಾಯಭಾರ ಕಚೇರಿಯಲ್ಲಿ ಅನುಮತಿ ಬೇಕೇ ಎಂದು ಟಿಕೆಟ್ ತೆಗೆಯುವ ಮೊದಲೇ ಕೇಳಿಕೊಳ್ಳಿ.